ಬಯಲನ್ನು ನಂಬಿದ ಪ್ರಾಣಿ: ಸಿವಂಗಿಯ ಬದುಕು ಮತ್ತು ಅಳಿವು



ಮಾಗಡಿ ತಾಲ್ಲೂಕಿನ ಈ ಕುದೂರಿನಲ್ಲಿ ನಿಂತು ಚುಕ್ಕೆಗಳಿರುವ ಕಾಡುಪ್ರಾಣಿಯ ಮಾತೆತ್ತಿದರೆ ನಿಮ್ಮೆಲ್ಲರ ಮನಸ್ಸು ಭೈರವದುರ್ಗದ ಬಂಡೆಗಳ ಕಡೆಗೆ ಹೋಗುತ್ತದೆ ಎಂಬುದು ನನಗೆ ಗೊತ್ತು. ಚಿರತೆಯ ಬಗ್ಗೆ ನಿಮಗೆ ನಾನು ಹೇಳಬೇಕಾದ್ದು ಕಡಿಮೆ, ನಿಮ್ಮಿಂದ ಕೇಳಿ ಕಲಿಯಬೇಕಾದ್ದೇ ಹೆಚ್ಚು. ಇವತ್ತು ನಾನು ಆರಿಸಿಕೊಂಡಿರುವುದು ಅದರ ದೂರದ ಬಂಧುವನ್ನು. ಪತ್ರಿಕೆಗಳು ಈಗ ಚೀತಾ ಎಂದು ಬರೆಯುವ, ಹಿಂದೆ ಕನ್ನಡ ನಾಡಿನ ಬಯಲುಸೀಮೆಯ ಜನ ಸಿವಂಗಿ ಎಂದು ಕರೆಯುತ್ತಿದ್ದ ಪ್ರಾಣಿಯನ್ನು. ನಮ್ಮ ನಾಡಿನ ಕಾಡುಮೇಡುಗಳಲ್ಲಿ ಈಗ ಅದು ಒಂದೂ ಇಲ್ಲ. 2020ರ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದಿಂದ ಮೈಸೂರಿನ ಚಾಮರಾಜೇಂದ್ರ ಮೃಗಾಲಯಕ್ಕೆ ಬಂದ ಮೂರು ಸಿವಂಗಿಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.

ಒಂದೇ ನಾಡು, ಒಂದೇ ಜನ, ಒಂದೇ ಕಾಲ. ಆದರೂ ಚಿರತೆ ಉಳಿಯಿತು, ಸಿವಂಗಿ ಹೋಯಿತು. ಏಕೆ ಹೀಗಾಯಿತು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ನಾನು ಮಾತಾಡುತ್ತೇನೆ. ಮೊದಲು ಸಿವಂಗಿಯ ಮೈಕಟ್ಟು ಮತ್ತು ಸಂಸಾರ, ಆಮೇಲೆ ನಮ್ಮ ನಾಡಿನಲ್ಲಿ ಅದಕ್ಕಿದ್ದ ಚರಿತ್ರೆ, ಅಲ್ಲಿಂದ ಚಿರತೆಯೊಂದಿಗಿನ ಹೋಲಿಕೆ, ಕೊನೆಗೆ ಸಿವಂಗಿಯನ್ನು ಮತ್ತೆ ತಂದಿರುವ ಕುನೋ ಕಾಡಿನ ಪ್ರಯೋಗ ಮತ್ತು ನಮ್ಮ ಹುಲ್ಲುಗಾವಲುಗಳ ವಿಷಯ. ನನ್ನ ಮಾತಿನ ತೂಕ ಇರುವುದು ಆ ಕೊನೆಯ ವಿಷಯದ ಮೇಲೆ. ಉಳಿದವು ಅಲ್ಲಿಗೆ ಹೋಗುವ ದಾರಿ.

ಸಿವಂಗಿಯ ಮೈಕಟ್ಟಿನಿಂದ ಶುರುಮಾಡೋಣ.

ವಯಸ್ಕ ಸಿವಂಗಿಯ ತೂಕ ಸುಮಾರು 35ರಿಂದ 65 ಕಿಲೋ. ಸಣ್ಣ ತಲೆ, ಆಳವಾದ ಎದೆ, ಬಳುಕುವ ಬೆನ್ನೆಲುಬು, ಉದ್ದನೆಯ ಕಾಲು. ಕಣ್ಣಿನ ಒಳತುದಿಯಿಂದ ಬಾಯಿಯವರೆಗೆ ಇಳಿಯುವ ಕಪ್ಪು ಗೆರೆ ಅದರ ಗುರುತು. ಮೈಮೇಲಿನ ಚುಕ್ಕೆಗಳು ಒಂಟಿ ಕಪ್ಪು ಬೊಟ್ಟುಗಳು. ಚಿರತೆಯಲ್ಲಿ ಹಾಗಲ್ಲ, ಹಲವು ಬೊಟ್ಟುಗಳು ಸೇರಿ ಹೂವಿನಂತೆ ಗುಂಪಾಗಿರುತ್ತವೆ. ಬೆಕ್ಕಿನ ಜಾತಿಯ ಬಹುಪಾಲು ಪ್ರಾಣಿಗಳು ಉಗುರನ್ನು ಪೂರ್ತಿ ಒಳಗೆಳೆದುಕೊಳ್ಳುತ್ತವೆ. ಸಿವಂಗಿಯ ಉಗುರು ಅರ್ಧ ಹೊರಗೇ ಇದ್ದು, ಓಡುವಾಗ ನೆಲವನ್ನು ಕಚ್ಚಿ ಹಿಡಿಯುತ್ತದೆ. ವೇಗದಲ್ಲಿ ತಿರುಗುವಾಗ ಮೈ ಉರುಳದಂತೆ ನೋಡಿಕೊಳ್ಳುವುದು ಬಾಲ. ದೋಣಿಗೆ ಚುಕ್ಕಾಣಿ ಹೇಗೋ ಇದಕ್ಕೆ ಬಾಲ ಹಾಗೆ.

ಗಂಟೆಗೆ ನೂರು ಕಿಲೋಮೀಟರ್ ಓಡುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಕಾಡಿನಲ್ಲಿ ನಿಜವಾಗಿ ಅದು ಹೇಗೆ ಓಡುತ್ತದೆ ಎಂಬುದನ್ನು ಬೋಟ್ಸ್ವಾನಾದಲ್ಲಿ ವಿಜ್ಞಾನಿಗಳು ಐದು ಸಿವಂಗಿಗಳ ಕೊರಳಿಗೆ ಅಳತೆಯ ಪಟ್ಟಿ ಕಟ್ಟಿ ನೋಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 367 ಓಟಗಳ ಲೆಕ್ಕವಿದೆ. ಅತಿ ಹೆಚ್ಚಿನ ವೇಗ ಗಂಟೆಗೆ ಸುಮಾರು 93 ಕಿಲೋಮೀಟರ್. ಆದರೆ ಬಹುತೇಕ ಬೇಟೆಗಳಲ್ಲಿ ಅಷ್ಟು ವೇಗದ ಅಗತ್ಯವೇ ಬಿದ್ದಿರಲಿಲ್ಲ. ಸರಾಸರಿ ಓಟದ ದೂರ ಕೇವಲ 173 ಮೀಟರ್. ಥಟ್ಟನೆ ವೇಗ ಏರಿಸುವುದು, ಅಷ್ಟೇ ಥಟ್ಟನೆ ತಗ್ಗಿಸಿ ಪಕ್ಕಕ್ಕೆ ಹೊರಳುವುದು, ಇದೇ ಅದರ ಬೇಟೆಯ ಗುಟ್ಟು. ಹಾಗಿದ್ದರೂ ನಾಲ್ಕು ಓಟದಲ್ಲಿ ಹೆಚ್ಚು ಕಡಿಮೆ ಒಂದು ಮಾತ್ರ ಫಲಿಸಿತ್ತು.

ಓಟಕ್ಕೆ ತಕ್ಕಂತೆ ಮೈಯನ್ನು ಹಗುರ ಮಾಡಿಕೊಂಡ ಪ್ರಾಣಿ ಜಗಳದಲ್ಲಿ ಸೋಲುತ್ತದೆ. ಅಗಲವಾದ ಮೂಗಿನ ಹೊಳ್ಳೆಗಳಿಗೆ ಜಾಗ ಬಿಟ್ಟುಕೊಟ್ಟು ಕೋರೆಹಲ್ಲುಗಳ ಬೇರುಗಳು ಚಿಕ್ಕವಾಗಿವೆ. ದವಡೆಯಲ್ಲಿ ಹುಲಿ, ಸಿಂಹಗಳ ಬಲ ಇಲ್ಲ. ಅದು ಘರ್ಜಿಸುವುದೂ ಇಲ್ಲ, ಹಕ್ಕಿಯಂತೆ ಚಿಲಿಗುಟ್ಟಿ ಮರಿಗಳನ್ನು ಕರೆಯುತ್ತದೆ. ಬೇಟೆ ಬಿದ್ದ ಮೇಲೆ ಏದುಸಿರು ಇಳಿಯುವವರೆಗೆ ಕುಳಿತುಕೊಳ್ಳಬೇಕು, ಅಷ್ಟರಲ್ಲಿ ಕತ್ತೆಕಿರುಬವೋ ಸಿಂಹವೋ ಬಂದರೆ ಎದುರು ನಿಲ್ಲದೆ ಬಿಟ್ಟು ಹೊರಡುತ್ತದೆ. ಗಾಯವಾದ ಸಿವಂಗಿ ಓಡಲಾರದು, ಓಡಲಾರದ ಸಿವಂಗಿ ಉಣ್ಣಲಾರದು. ಹೀಗಾಗಿ ಆ ಹಿಂಜರಿಕೆಯನ್ನು ನಾನು ಹೇಡಿತನ ಎನ್ನಲಾರೆ.

ಅದರ ಸಂಸಾರವೂ ವಿಶೇಷ. ಅಣ್ಣತಮ್ಮ ಗಂಡುಗಳು ಎರಡು ಮೂರು ಸೇರಿ ಜೀವಮಾನವೆಲ್ಲ ಜೊತೆಯಾಗಿ ತಿರುಗುತ್ತವೆ. ಹೆಣ್ಣು ಒಂಟಿ. ಮೂರು ತಿಂಗಳ ಗರ್ಭ, ಸಾಮಾನ್ಯವಾಗಿ ಮೂರರಿಂದ ಐದು ಮರಿ. ಹುಟ್ಟಿದ ಮರಿಗಳ ಬೆನ್ನ ಮೇಲೆ ಬೂದು ಬಣ್ಣದ ಉದ್ದ ಕೂದಲಿರುತ್ತದೆ, ಒಣಹುಲ್ಲಿನಲ್ಲಿ ಅದೇ ಅವುಗಳ ಮರೆ. ತಾಯಿ ಬೇಟೆಗೆ ಹೋದಾಗ ಕಾಯುವವರು ಯಾರೂ ಇಲ್ಲ. ಟಾಂಜಾನಿಯಾದ ಸೆರೆಂಗೆಟಿ ಬಯಲಿನಲ್ಲಿ ನಡೆದ ಪ್ರಸಿದ್ಧ ಅಧ್ಯಯನವೊಂದರ ಪ್ರಕಾರ ಇಪ್ಪತ್ತು ಮರಿಗಳಲ್ಲಿ ಒಂದೇ ಒಂದು ಪ್ರಾಯಕ್ಕೆ ಬರುತ್ತಿತ್ತು. ಹೆಚ್ಚಿನವನ್ನು ಕೊಲ್ಲುತ್ತಿದ್ದುದು ಸಿಂಹಗಳು. ಸಿಂಹ ಕಡಿಮೆ ಇರುವ ಕಡೆ ಸ್ಥಿತಿ ಇದಕ್ಕಿಂತ ಎಷ್ಟೋ ಮೇಲು.

ಸಿಂಹ, ಕಿರುಬಗಳು ದಟ್ಟವಾಗಿರುವ ರಕ್ಷಿತ ಕಾಡು ಸಿವಂಗಿಗೆ ಅಷ್ಟೇನೂ ಸುರಕ್ಷಿತವಲ್ಲ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಅದಕ್ಕೆ ಅಗಲವಾದ ನೆಲ ಬೇಕು, ಒಂದು ಸಿವಂಗಿ ನೂರಾರು ಚದರ ಕಿಲೋಮೀಟರ್ ತಿರುಗಬಲ್ಲದು. 2016ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಇಡೀ ಜಗತ್ತಿನಲ್ಲಿ ಉಳಿದಿದ್ದ ಸಿವಂಗಿಗಳು ಸುಮಾರು 7,100. ಹಿಂದೆ ಅವು ಹರಡಿದ್ದ ನೆಲದಲ್ಲಿ ಶೇಕಡ 9ರಷ್ಟು ಮಾತ್ರ ಅವುಗಳ ಪಾಲಿಗೆ ಉಳಿದಿತ್ತು, ಅದರಲ್ಲೂ ಮುಕ್ಕಾಲು ಭಾಗ ಅಭಯಾರಣ್ಯಗಳ ಹೊರಗೆ, ದನಕುರಿ ಮೇಯಿಸುವ ಜನರ ನಡುವೆ. ಏಷ್ಯಾದ ತಳಿ ಇರಾನಿನಲ್ಲಿ ಮಾತ್ರ ಉಳಿದಿದೆ. 2022ರಲ್ಲಿ ಅಲ್ಲಿನ ಪರಿಸರ ಇಲಾಖೆಯ ಅಧಿಕಾರಿಯೇ ಹೇಳಿದ ಸಂಖ್ಯೆ ಹನ್ನೆರಡು. ಅಲ್ಲಿ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುವುದೂ ಒಂದು ದೊಡ್ಡ ಕಾರಣ.

ಇನ್ನು ಎರಡನೆಯ ವಿಷಯಕ್ಕೆ, ನಮ್ಮ ನಾಡಿನ ಚರಿತ್ರೆಗೆ ಬರುತ್ತೇನೆ.

ಸಿವಂಗಿಯನ್ನು ಪಳಗಿಸಿ ಬೇಟೆಗೆ ಬಿಡುವ ಪದ್ಧತಿಯನ್ನು ಮೊಗಲರ ಜೊತೆ ಸೇರಿಸಿ ಹೇಳುವುದು ರೂಢಿ. ಅಕ್ಬರನ ಬಳಿ ಒಂದೇ ಕಾಲದಲ್ಲಿ ಸಾವಿರ ಸಿವಂಗಿಗಳಿದ್ದವೆಂದು ಮೊಗಲರ ಬರಹಗಳು ಹೇಳುತ್ತವೆ. ಆದರೆ ಭಾರತದಲ್ಲಿ ಈ ಬೇಟೆಯ ಬಗ್ಗೆ ಸಿಗುವ ಅತ್ಯಂತ ಹಳೆಯ ಬರಹ ನಮ್ಮ ಕಲ್ಯಾಣದ್ದು ಎಂಬುದನ್ನು ಸಿವಂಗಿಯ ಇತಿಹಾಸ ಬರೆದ ದಿವ್ಯಭಾನುಸಿಂಹರು ಗುರುತಿಸಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಾಜರ ವಿನೋದಗಳನ್ನು ವಿವರಿಸುವಾಗ ಇದನ್ನೂ ವಿವರಿಸುತ್ತದೆ. ಇಂದಿನ ಬಸವಕಲ್ಯಾಣದ ಸುತ್ತಲ ಕಪ್ಪು ಮಣ್ಣಿನ ಬಯಲನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು. ಕೃಷ್ಣಮೃಗದ ಹಿಂಡುಗಳಿಗೂ ಅವುಗಳ ಹಿಂದೆ ಓಡುವ ಪ್ರಾಣಿಗೂ ಹೇಳಿ ಮಾಡಿಸಿದ ನೆಲ ಅದು.

ಮೈಸೂರಿನ ಕಡೆಯ ಚರಿತ್ರೆಯಲ್ಲೂ ಇದರ ಹೆಜ್ಜೆಗಳಿವೆ. ಟಿಪ್ಪು ಸುಲ್ತಾನನ ಬಳಿ ಬೇಟೆಗೆ ಪಳಗಿಸಿದ ಸಿವಂಗಿಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಉಳಿದ ಸ್ವತ್ತಿನಂತೆ ಅವೂ ಇಂಗ್ಲಿಷರ ಪಾಲಾದವು. ಅದಕ್ಕೂ ಮೊದಲೇ ಮದರಾಸಿನ ಗವರ್ನರ್ ಜಾರ್ಜ್ ಪಿಗಟ್ ಒಂದು ಸಿವಂಗಿಯನ್ನು ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನಿಗೆ ಕಾಣಿಕೆಯಾಗಿ ಕೊಟ್ಟಿದ್ದ. 1764ರಲ್ಲಿ ವಿಂಡ್ಸರಿನ ಉದ್ಯಾನದಲ್ಲಿ ಅದನ್ನು ಒಂದು ಗಂಡು ಜಿಂಕೆಯ ಮೇಲೆ ಬಿಟ್ಟರು. ಜಾರ್ಜ್ ಸ್ಟಬ್ಸ್ ಎಂಬ ಚಿತ್ರಕಾರ ಆ ಸಿವಂಗಿಯನ್ನೂ ಅದರ ಜೊತೆ ಹೋದ ಇಬ್ಬರು ಭಾರತೀಯ ಪಾಲಕರನ್ನೂ ಬರೆದ ಚಿತ್ರ ಇಂದಿಗೂ ಮ್ಯಾಂಚೆಸ್ಟರಿನ ಕಲಾಶಾಲೆಯಲ್ಲಿದೆ. ಬಿಳಿ ಬಟ್ಟೆ, ರುಮಾಲು ತೊಟ್ಟ ಆ ಇಬ್ಬರಲ್ಲಿ ಒಬ್ಬ ಸಿವಂಗಿಯ ಸೊಂಟದ ಪಟ್ಟಿ ಹಿಡಿದಿದ್ದಾನೆ, ಇನ್ನೊಬ್ಬ ಜಿಂಕೆಯ ಕಡೆ ಕೈ ತೋರಿಸುತ್ತಿದ್ದಾನೆ. ಸಿವಂಗಿಯ ಜ್ಞಾನ ನಿಜವಾಗಿ ಯಾರ ಬಳಿ ಇತ್ತು ಎಂಬುದಕ್ಕೆ ಆ ಚಿತ್ರ ಸಾಕ್ಷಿ ಎಂದು ನಾನು ಭಾವಿಸುತ್ತೇನೆ.

ಉತ್ತರ ಕರ್ನಾಟಕದ ದಾಖಲೆ ಇನ್ನೂ ಬೆಲೆಯುಳ್ಳದ್ದು. ಕಿತ್ತೂರು ಚೆನ್ನಮ್ಮನ ಕಥೆ ಓದಿದವರಿಗೆ ವಾಲ್ಟರ್ ಎಲಿಯಟ್ ಎಂಬ ಹೆಸರು ನೆನಪಿರಬಹುದು. 1824ರ ಕಿತ್ತೂರಿನ ಹೋರಾಟದಲ್ಲಿ ರಾಣಿಯ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಆತನೂ ಒಬ್ಬ. ಅದೇ ಎಲಿಯಟ್ ಮುಂದೆ ಧಾರವಾಡ ಸೀಮೆಯ ಪ್ರಾಣಿಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ 1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯಲ್ಲಿ ಪಟ್ಟಿಯೊಂದನ್ನು ಪ್ರಕಟಿಸಿದ. ಜನ ಹೇಳುವ ಹೆಸರುಗಳನ್ನೂ ಬರೆದಿಟ್ಟುಕೊಂಡ ಅಂಥವರ ಕೆಲಸದ ಮೂಲಕವೇ ಸಿವಂಗಿ ಎಂಬ ಕನ್ನಡದ ಹೆಸರು ಹತ್ತೊಂಬತ್ತನೆಯ ಶತಮಾನದ ಪ್ರಾಣಿಶಾಸ್ತ್ರದ ಪುಸ್ತಕಗಳನ್ನು ಸೇರಿತು.

ಈ ಪ್ರಾಣಿ ಕಡಿಮೆಯಾಗಿದ್ದು ಹೇಗೆ? ಮೊದಲ ಕಾರಣ ಅದನ್ನು ಪ್ರೀತಿಸಿದವರೇ. ಸೆರೆಯಲ್ಲಿ ಸಿವಂಗಿ ಮರಿಹಾಕುವುದು ಬಹಳ ಕಷ್ಟ. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದಿರುವ ಒಂದು ಪ್ರಸಂಗ ಬಿಟ್ಟರೆ, 1956ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿ ಮರಿಗಳು ಹುಟ್ಟುವವರೆಗೆ ಸೆರೆಯಲ್ಲಿ ಸಿವಂಗಿ ಈದ ದಾಖಲೆ ಇಲ್ಲ. ಎಂದರೆ ಅರಮನೆಗಳಲ್ಲಿದ್ದ ಪ್ರತಿಯೊಂದು ಸಿವಂಗಿಯೂ ಬಯಲಿನಿಂದ ಹಿಡಿದು ತಂದದ್ದು. ಮರಿಗಳನ್ನು ತರುತ್ತಿರಲಿಲ್ಲ. ಬೇಟೆಯನ್ನು ತಾಯಿಯಿಂದ ಕಲಿತು ಮುಗಿಸಿದ, ಪ್ರಾಯಕ್ಕೆ ಬಂದ ಪ್ರಾಣಿಯೇ ಬೇಕು. ಸಿವಂಗಿಗಳು ಮತ್ತೆ ಮತ್ತೆ ಬಂದು ಗುರುತು ಹಾಕುವ ಮರಗಳಿರುತ್ತವೆ. ಅವುಗಳ ಸುತ್ತ ನರದ ಉರುಲು ಒಡ್ಡಿ ಹಿಡಿಯುವುದರಲ್ಲಿ ಪಾರ್ಧಿಗಳು ನಿಪುಣರು. ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿಗಳೆಂದು ಕರೆಯುವ ಸಮುದಾಯ ಇದೇ. ತಪ್ಪನ್ನು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. ಕೇಳಿದವರು ಅರಸರು, ಕೊಟ್ಟವರು ಹೊಟ್ಟೆಪಾಡಿನವರು. ಶತಮಾನಗಳ ಕಾಲ ಹೀಗೆ ಮರಿಹಾಕುವ ವಯಸ್ಸಿನ ಪ್ರಾಣಿಗಳೇ ಬಯಲಿನಿಂದ ಹೋಗುತ್ತಾ ಬಂದರೆ ವಂಶ ಉಳಿಯುವುದೆಲ್ಲಿ?

ಎರಡನೆಯದು ಬ್ರಿಟಿಷರ ಕಾಲದ ಇನಾಮು. ಹುಲಿ, ಚಿರತೆ, ತೋಳಗಳಂತೆ ಸಿವಂಗಿಯ ತಲೆಗೂ ಬೆಲೆ ಕಟ್ಟಲಾಯಿತು. ಕಾಡಿನ ಸಿವಂಗಿ ಮನುಷ್ಯನನ್ನು ಕೊಂದ ದಾಖಲೆ ಎಲ್ಲೂ ಇಲ್ಲ. 1880ರಲ್ಲಿ ವಿಶಾಖಪಟ್ಟಣದ ಕಡೆ ಇಂಗ್ಲಿಷ್ ಅಧಿಕಾರಿಯೊಬ್ಬ ಸಿವಂಗಿಯಿಂದ ಸತ್ತ ಪ್ರಸಂಗವೊಂದು ದಾಖಲಾಗಿದೆ, ಅದು ವಿಜಯನಗರಂ ಸಂಸ್ಥಾನದ ಸಾಕಿದ ಪ್ರಾಣಿ. ಅಷ್ಟು ನಿರುಪದ್ರವಿ ಜೀವಕ್ಕೆ ಹಾನಿಕರ ಪ್ರಾಣಿಯ ಪಟ್ಟ ಕಟ್ಟಿ ಹಣ ಕೊಟ್ಟು ಕೊಲ್ಲಿಸಿದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ಸಂಸ್ಥಾನಗಳಿಗೆ ಬೇಟೆಗೆ ಬೇಕಾದಷ್ಟು ಸಿವಂಗಿಗಳು ದೇಶದಲ್ಲಿ ಸಿಗುತ್ತಿರಲಿಲ್ಲ. ನಮ್ಮ ಬೆಳಗಾವಿ ಗಡಿಗೆ ಹೊಂದಿಕೊಂಡ ಕೊಲ್ಹಾಪುರ, ಗುಜರಾತಿನ ಭಾವನಗರ, ಇವೆಲ್ಲ ಆಫ್ರಿಕಾದಿಂದ ತರಿಸಿಕೊಂಡವು. 1918ರಿಂದ 1945ರ ನಡುವೆ ಹೀಗೆ ಬಂದವು ಸುಮಾರು ಇನ್ನೂರು. 2022ರಲ್ಲಿ ವಿಮಾನದಲ್ಲಿ ಕುನೋಗೆ ಬಂದವು ಆಫ್ರಿಕಾದಿಂದ ಬಂದ ಮೊದಲ ಸಿವಂಗಿಗಳಲ್ಲ ಎಂಬುದು ಇದರಿಂದ ತಿಳಿಯುತ್ತದೆ. 1947ರಲ್ಲಿ ಇಂದಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದ ಮಹಾರಾಜರು ರಾತ್ರಿ ವಾಹನದ ಬೆಳಕಿನಲ್ಲಿ ಕಂಡ ಮೂರು ಗಂಡು ಸಿವಂಗಿಗಳನ್ನು ಒಂದೇ ಬಾರಿಗೆ ಹೊಡೆದರು. ನಾನು ಆಗಲೇ ಹೇಳಿದ, ಜೀವಮಾನವೆಲ್ಲ ಜೊತೆಗಿರುವ ಅಣ್ಣತಮ್ಮಂದಿರ ಗುಂಪು ಅದಾಗಿರಬೇಕು. 1952ರಲ್ಲಿ ಭಾರತದಿಂದ ಸಿವಂಗಿ ಅಳಿಯಿತೆಂದು ಘೋಷಣೆಯಾಯಿತು.

ಮೂರನೆಯ ವಿಷಯ ನಿಮ್ಮ ಮನೆಬಾಗಿಲಿನದು: ಹಾಗಾದರೆ ಚಿರತೆ ಹೇಗೆ ಉಳಿಯಿತು?

2022ರ ರಾಷ್ಟ್ರೀಯ ಗಣತಿಯ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳು, ಕರ್ನಾಟಕದಲ್ಲಿ 1,879. ಮಧ್ಯಪ್ರದೇಶ, ಮಹಾರಾಷ್ಟ್ರದ ನಂತರ ಮೂರನೆಯ ಸ್ಥಾನ ನಮ್ಮದು. ಹುಲಿಗಳಿರುವ ಕಾಡುಪ್ರದೇಶಗಳಿಗೇ ಹೆಚ್ಚಾಗಿ ಸೀಮಿತವಾದ ಈ ಲೆಕ್ಕದಲ್ಲಿ ಊರಿನ ಮಗ್ಗುಲ ಗುಡ್ಡಗಳ ಚಿರತೆಗಳೆಲ್ಲ ಸೇರಿಲ್ಲ. ಸಾವನದುರ್ಗ, ಹುತ್ರಿದುರ್ಗ, ಶಿವಗಂಗೆ, ಭೈರವದುರ್ಗ, ಹೀಗೆ ಕೆಂಪೇಗೌಡರ ಕಾಲದ ಕೋಟೆಬೆಟ್ಟಗಳ ಸಾಲೇ ಚಿರತೆಗೆ ಮನೆ. ಬಂಡೆಯ ಸಂದು, ಲಂಟಾನದ ಪೊದೆ, ಮಾವಿನ ತೋಪು ಏನು ಸಿಕ್ಕರೂ ಅದಕ್ಕೆ ಮರೆ. ಇಲಿ, ಮೊಲ, ನವಿಲು, ಬೀದಿನಾಯಿ, ಕುರಿ, ಜಿಂಕೆ ಏನು ಸಿಕ್ಕರೂ ಆಹಾರ. ರಾತ್ರಿ ಬರುತ್ತದೆ, ಬೆಳಕು ಹರಿಯುವ ಮುಂಚೆ ಹೋಗುತ್ತದೆ. ಸಿವಂಗಿಯದು ಇದಕ್ಕೆ ತದ್ವಿರುದ್ಧ. ಹಾಡಹಗಲಲ್ಲಿ, ತೆರೆದ ಬಯಲಿನಲ್ಲಿ, ಎಲ್ಲರ ಕಣ್ಣೆದುರು ಬೇಟೆಯಾಡುವ, ಬಹುಮಟ್ಟಿಗೆ ಒಂದು ಬಗೆಯ ಆಹಾರವನ್ನೇ ನೆಚ್ಚಿದ ಪ್ರಾಣಿ ಅದು. ಕೃಷ್ಣಮೃಗ ಕೋವಿಗೆ ಬಲಿಯಾಗಿ, ಅದು ಮೇಯುತ್ತಿದ್ದ ಹುಲ್ಲು ನೇಗಿಲಿಗೆ ಬಲಿಯಾದಾಗ ಸಿವಂಗಿಗೆ ಅಡಗಲು ಇನ್ನೊಂದು ಜಾಗವಿರಲಿಲ್ಲ.

ಚಿರತೆ ಉಳಿಯಿತು ಎಂದು ನಾನು ಸಂತೋಷದಿಂದ ಹೇಳುವಾಗ ಆ ಉಳಿವಿನ ಬೆಲೆ ಕೊಟ್ಟವರು ಈ ಸಭೆಯಲ್ಲಿದ್ದಾರೆ ಎಂಬ ಎಚ್ಚರ ನನಗಿದೆ. 2020ರ ಮೇ ತಿಂಗಳಲ್ಲಿ ಇದೇ ಮಾಗಡಿ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ಒಂದು ಪುಟ್ಟ ಮಗು, ಕೆಲವೇ ದಿನಗಳಲ್ಲಿ ಒಬ್ಬ ವೃದ್ಧೆ ಪ್ರಾಣ ಕಳೆದುಕೊಂಡರು. ಪಕ್ಕದ ತುಮಕೂರು ಜಿಲ್ಲೆಯಲ್ಲೂ ಆ ಹಿಂದಿನ ತಿಂಗಳುಗಳಲ್ಲಿ ಸಾವುಗಳಾಗಿದ್ದವು. ಆ ಮನೆಗಳ ದುಃಖವನ್ನು ಬದಿಗಿಟ್ಟು ವನ್ಯಜೀವಿಯ ಬಗ್ಗೆ ಮಾತಾಡುವವನು ಈ ಊರಿನಲ್ಲಿ ಮಾತಾಡಲು ಅರ್ಹನಲ್ಲ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ. ಕಂಡ ಚಿರತೆಯನ್ನೆಲ್ಲ ಬೋನಿನಲ್ಲಿ ಹಿಡಿದು ದೂರ ಬಿಟ್ಟರೆ ತೊಂದರೆ ತಪ್ಪುತ್ತದೆ ಎಂದು ನಾವು ನಂಬಿದ್ದೇವೆ. ಮಹಾರಾಷ್ಟ್ರದ ಜುನ್ನಾರ್ ತಾಲ್ಲೂಕಿನಲ್ಲಿ ವಿದ್ಯಾ ಅತ್ರೇಯ ಮತ್ತು ಅವರ ಜೊತೆಗಾರರು ನಡೆಸಿದ ಅಧ್ಯಯನ ಕಂಡುಕೊಂಡದ್ದು ಬೇರೆ. ಹಾಗೆ ಹಿಡಿದು ಬಿಡುವುದು ಶುರುವಾದ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಾಯಿತು. ಗೊತ್ತಿಲ್ಲದ ಊರಿನಲ್ಲಿ ಇಳಿದ ಪ್ರಾಣಿ ದಿಕ್ಕೆಟ್ಟು ಅಲೆಯುತ್ತದೆ, ತೆರವಾದ ಗುಡ್ಡಕ್ಕೆ ಬೇರೊಂದು ಬರುತ್ತದೆ. ರಾತ್ರಿ ಕುರಿಗಳಿಗೆ ಮೇಲು ಮುಚ್ಚಿದ ಗಟ್ಟಿ ದೊಡ್ಡಿ, ಊರ ಅಂಚಿನಲ್ಲಿ ದೀಪ, ಕಸ ಕಡಿಮೆಯಾಗಿ ಬೀದಿನಾಯಿಗಳು ಕಡಿಮೆಯಾಗುವುದು, ಇವು ಸಣ್ಣ ಕೆಲಸಗಳಾಗಿ ಕಂಡರೂ ಜೀವ ಉಳಿಸುವ ಕೆಲಸಗಳು.

ಇದೇ ಮಾತಿಗೆ ಸೇರಿದ ಆಫ್ರಿಕಾದ ಅನುಭವವೊಂದಿದೆ. ನಮೀಬಿಯಾದಲ್ಲಿ 1980ರ ದಶಕದಲ್ಲಿ ದನ ಸಾಕುವ ರೈತರು ಸಾವಿರಗಟ್ಟಲೆ ಸಿವಂಗಿಗಳನ್ನು ಕೊಂದರು. ಲಾರಿ ಮಾರ್ಕರ್ ಎಂಬ ಜೀವಶಾಸ್ತ್ರಜ್ಞೆ 1990ರಲ್ಲಿ ಅಲ್ಲಿ ಸಂಸ್ಥೆ ಕಟ್ಟಿ, 1994ರಿಂದ ಟರ್ಕಿ ಮೂಲದ ಕಾವಲು ನಾಯಿಗಳನ್ನು ರೈತರಿಗೆ ಕೊಡತೊಡಗಿದರು. ನಾಯಿಮರಿ ಕುರಿಮರಿಗಳ ಜೊತೆಯೇ ಬೆಳೆಯುತ್ತದೆ, ಹಿಂಡನ್ನೇ ತನ್ನ ಬಳಗವೆಂದು ಕಾಯುತ್ತದೆ. ಕುರಿ ಉಳಿಯಿತು, ಕುರಿ ಉಳಿದದ್ದರಿಂದ ಸಿವಂಗಿಯೂ ಉಳಿಯಿತು. ಕುರಿಹಟ್ಟಿಗಳಲ್ಲಿ ಹುಟ್ಟಿ ಬೆಳೆದ ನಮ್ಮ ಕುರುಬ ಬಂಧುಗಳಿಗೆ ಈ ಉಪಾಯ ಹೊಸದೇನಲ್ಲ.

ಈಗ ಕೊನೆಯ ವಿಷಯಕ್ಕೆ, ಕುನೋಗೆ ಬರೋಣ.

ಮಧ್ಯಪ್ರದೇಶದ ಶ್ಯೋಪುರ ಜಿಲ್ಲೆಯ ಕುನೋ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 748 ಚದರ ಕಿಲೋಮೀಟರ್. ಅದನ್ನು ಮೊದಲು ಸಿದ್ಧಪಡಿಸಿದ್ದು ಗಿರ್ ಕಾಡಿನ ಸಿಂಹಗಳಿಗಾಗಿ. ಅದಕ್ಕೆಂದೇ 24 ಹಳ್ಳಿಗಳನ್ನು ಎಬ್ಬಿಸಲಾಗಿತ್ತು. ಸಿಂಹಗಳು ಬರಲಿಲ್ಲ. ಅಲ್ಲಿಗೆ ಸಿವಂಗಿಯನ್ನು ತರುವ ಯೋಜನೆಗೆ 2013ರಲ್ಲಿ ತಡೆಹಾಕಿದ್ದ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಪ್ರಯೋಗದ ರೂಪದಲ್ಲಿ ಒಪ್ಪಿಗೆ ಕೊಟ್ಟಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು, 2023ರ ಫೆಬ್ರವರಿ 18ರಂದು ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಸಿವಂಗಿಗಳು ಬಂದವು.

ಮೊದಲ ವರ್ಷ ಕಠಿಣವಾಗಿತ್ತು. ಒಂದು ಹೆಣ್ಣು ಮೂತ್ರಪಿಂಡದ ಕಾಯಿಲೆಯಿಂದ ಸತ್ತಿತು. 2023ರ ಮಾರ್ಚಿನಲ್ಲಿ ಹುಟ್ಟಿದ ನಾಲ್ಕು ಮರಿಗಳಲ್ಲಿ ಮೂರು ಮೇ ತಿಂಗಳ ಬಿಸಿಲಿಗೆ ಹೋದವು. ಆಮೇಲೆ ಮಳೆಗಾಲದಲ್ಲಿ ಯಾರೂ ಎಣಿಸದ ತೊಂದರೆ ಬಂತು. ಭೂಮಧ್ಯರೇಖೆಯ ಆಚೆ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ತಲೆಮಾರುಗಳ ರೂಢಿಯಂತೆ ಅವುಗಳ ಮೈ ಆ ತಿಂಗಳುಗಳಲ್ಲಿ ದಪ್ಪ ಕೂದಲು ಬೆಳೆಸಿತು. ಇಲ್ಲಿ ಆಗ ಜಡಿಮಳೆ. ಒದ್ದೆಯಾದ ದಪ್ಪ ಕೂದಲು, ಕೊರಳಿನ ರೇಡಿಯೊ ಪಟ್ಟಿ, ಅದರಡಿ ಹುಣ್ಣು, ಹುಣ್ಣಿನಲ್ಲಿ ನೊಣದ ಹುಳು, ರಕ್ತಕ್ಕೆ ಏರಿದ ನಂಜು. ಹೀಗೆ ಪ್ರಾಯದ ಮೂರು ಪ್ರಾಣಿಗಳು ಸತ್ತವು. ಪ್ರಾಣಿಯೊಂದನ್ನು ಅದರ ನೆಲದಿಂದ ಕಿತ್ತು ತರುವುದು ಎಂದರೆ ಏನು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪುಸ್ತಕವೂ ನನಗೆ ಹೇಳಿಲ್ಲ.

ಆದರೂ ಕುನೋದ ಕಥೆ ಬರೀ ಸಾವಿನ ಕಥೆಯಲ್ಲ. ಆ ನಾಲ್ಕರಲ್ಲಿ ಉಳಿದ ಒಂದು ಹೆಣ್ಣು ಮರಿಗೆ ಮುಖಿ ಎಂದು ಹೆಸರಿಟ್ಟರು. ತಾಯಿಯಿಂದ ದೂರವಾಗಿ ವೈದ್ಯರ, ಪಾಲಕರ ಕೈಯಲ್ಲಿ ಬೆಳೆದ ಅದು 2025ರ ನವೆಂಬರಿನಲ್ಲಿ ಐದು ಮರಿಗಳನ್ನು ಹಾಕಿತು. ಅಳಿವಿನ ಘೋಷಣೆಯಾದ ಮೇಲೆ ಭಾರತದಲ್ಲೇ ಹುಟ್ಟಿ ಭಾರತದಲ್ಲೇ ತಾಯಾದ ಮೊದಲ ಸಿವಂಗಿ ಅದು. ಆ ಸುದ್ದಿ ಓದಿದ ದಿನ ನನಗಾದ ಸಂತೋಷ ದೊಡ್ಡದು. ಈ ಯೋಜನೆಯ ಬಗ್ಗೆ ನನಗಿರುವ ಅನುಮಾನಗಳು ಆ ಸಂತೋಷವನ್ನು ಕಡಿಮೆ ಮಾಡಲಿಲ್ಲ.

ನನ್ನ ಅನುಮಾನ ಜಾಗದ್ದು. ಕುನೋ ಬಹುಮಟ್ಟಿಗೆ ಎಲೆ ಉದುರುವ ಮರಗಳ ಕಾಡು. ಅಲ್ಲಿನ ಹುಲ್ಲುಬಯಲುಗಳಲ್ಲಿ ಹಲವು ಎಬ್ಬಿಸಿದ ಹಳ್ಳಿಗಳ ಹಳೆಯ ಹೊಲಗಳು. ಚಿರತೆಗಳೂ ಅಲ್ಲಿ ಸಾಕಷ್ಟಿವೆ. ಬೇಲಿಯಿಂದ ಹೊರಗೆ ಬಿಟ್ಟ ಸಿವಂಗಿಗಳು ಮತ್ತೆ ಮತ್ತೆ ಉದ್ಯಾನದ ಗಡಿ ದಾಟಿ ಹೊಲಗದ್ದೆಗಳ ಕಡೆ ನಡೆದುಹೋದವು. ಸಿವಂಗಿಯ ಸ್ವಭಾವವೇ ಅದು. ದೇಶದಲ್ಲಿ ಅದಕ್ಕೆ ಸಾಲುವಷ್ಟು ಬಯಲನ್ನು ನಾವು ಉಳಿಸಿದ್ದೇವೆಯೇ ಎಂದು ಅವು ಕಾಲ್ನಡಿಗೆಯಲ್ಲಿ ಹುಡುಕಿದಂತೆ ನನಗೆ ತೋರುತ್ತದೆ.

ಈಗ ನಮ್ಮ ಬಯಲುಗಳನ್ನು ನೋಡೋಣ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಅರಮನೆಯ ದನಗಳಿಗೆ ಕಾವಲುಗಳನ್ನು ಮೀಸಲಿಟ್ಟರು. ಟಿಪ್ಪು ಅದನ್ನೇ ಅಮೃತ ಮಹಲ್ ಎಂದು ಕರೆದ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ವಿಂಗಡಿಸಿ, ಒಂದು ಕಡೆಯ ಹುಲ್ಲು ಚಿಗುರುವವರೆಗೆ ದನಗಳನ್ನು ಇನ್ನೊಂದು ಕಡೆ ಮೇಯಿಸುವ ವ್ಯವಸ್ಥೆ ಅದು. ಹಳ್ಳಿಕಾರ್ ಎತ್ತುಗಳನ್ನು ಸಾಕುವ ಈ ಸೀಮೆಯ ರೈತರಿಗೆ ಆ ಶಿಸ್ತಿನ ಬೆಲೆ ಗೊತ್ತು. ದನಕ್ಕೆಂದು ಕಾಯ್ದ ಆ ಹುಲ್ಲಿನಲ್ಲಿ ಕೃಷ್ಣಮೃಗ, ತೋಳ, ನರಿ, ಎರೆಭೂತ ಹಕ್ಕಿ ಎಲ್ಲವೂ ಬದುಕಿದವು. ಕಾಡು ಕಾಯುವ ಇಲಾಖೆ ಹುಟ್ಟುವ ಮೊದಲೇ ದನ ಕಾಯುವ ಇಲಾಖೆ ಬಯಲನ್ನು ಕಾಯ್ದಿತ್ತು.

ಆಮೇಲೆ ಏನಾಯಿತೆಂಬುದು ಕಂದಾಯದ ಕಾಗದಗಳಲ್ಲಿದೆ. ಮರವಿಲ್ಲದ ನೆಲವೆಂದರೆ ಬೀಳು, ಬಂಜರು, ಖರಾಬು. ಹುಲ್ಲುಬನ್ನಿ ಖರಾಬು ಎಂಬ ಬಾಬ್ತು ನಮ್ಮ ಪಹಣಿಗಳಲ್ಲಿ ಇಂದಿಗೂ ಇದೆ. ಕೇಂದ್ರ ಸರ್ಕಾರ ಪ್ರಕಟಿಸುವ ಪಾಳುಭೂಮಿಯ ನಕ್ಷೆಗಳಲ್ಲೂ ಕುರುಚಲು, ಹುಲ್ಲುಬಯಲುಗಳು ಪಾಳಿನ ಲೆಕ್ಕಕ್ಕೇ ಸೇರುತ್ತವೆ. ಪಾಳು ಎಂದ ಮೇಲೆ ಏನು ಬೇಕಾದರೂ ಮಾಡಬಹುದು. ಕಾವಲುಗಳು ದರಖಾಸ್ತಿಗೆ ಹೋದವು, ಗೋಮಾಳಗಳು ಬಗರ್‌ಹುಕುಂ ಆದವು, ಉಳಿದದ್ದರ ಮೇಲೆ ನೀಲಗಿರಿ ನಿಂತಿತು. ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಆ ಸಂಸ್ಥೆಗಳ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟೇ ವಿಸ್ತಾರದ ದಟ್ಟ ಕಾಡನ್ನು ಅಷ್ಟು ಸುಲಭವಾಗಿ ಕೊಡುತ್ತಿದ್ದೆವೇ ಎಂದು ಕೇಳುತ್ತೇನೆ.

ರಾಣೆಬೆನ್ನೂರಿನ ಉದಾಹರಣೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1974ರಲ್ಲಿ 119 ಚದರ ಕಿಲೋಮೀಟರ್ ಪ್ರದೇಶವನ್ನು ಕೃಷ್ಣಮೃಗ ಅಭಯಾರಣ್ಯ ಎಂದು ಘೋಷಿಸಿದರು. ಎರೆಭೂತ ಹಕ್ಕಿಯೂ ಆಗ ಅಲ್ಲಿತ್ತು. ಹಸಿರು ಮಾಡುವ ಸದುದ್ದೇಶದಿಂದ ಆ ಬಯಲಿನ ದೊಡ್ಡ ಭಾಗಕ್ಕೆ ನೀಲಗಿರಿ ಹಾಕಲಾಯಿತು. ಮರ ಎದ್ದಿತು, ಹಕ್ಕಿ ಹೋಯಿತು. ತೆರೆದ ನೆಲದಲ್ಲಿ ಮೊಟ್ಟೆಯಿಟ್ಟು, ದೂರದವರೆಗೆ ಕಣ್ಣುಹಾಯಿಸಿ ಬದುಕುವ ಹಕ್ಕಿಗೆ ನೆಡುತೋಪಿನಲ್ಲಿ ಏನು ಕೆಲಸ? ಇಂದು ಕರ್ನಾಟಕದಲ್ಲಿ ಅದು ಬಳ್ಳಾರಿಯ ಸಿರುಗುಪ್ಪದ ಕಡೆ ಕೈಬೆರಳೆಣಿಕೆಯಷ್ಟು ಕಂಡರೆ ಹೆಚ್ಚು. ಸಿವಂಗಿ ಹೋದ ದಾರಿಯಲ್ಲೇ ಎರೆಭೂತ ನಡೆಯುತ್ತಿದೆ, ನಮ್ಮ ಕಣ್ಣೆದುರೇ.

ಒಳ್ಳೆಯ ಹೆಜ್ಜೆಗಳೂ ಇವೆ. 2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ 798 ಎಕರೆ ಬಯಲು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. 2011ರಲ್ಲಿ ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲಿಗೆ ಅದೇ ಮನ್ನಣೆ ಬಂತು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮ ಆಗಿದೆ. ಮೈದನಹಳ್ಳಿ ಇಲ್ಲಿಂದ ಒಂದು ದಿನದಲ್ಲಿ ಹೋಗಿ ಬರುವ ದಾರಿ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ. ಕೃಷ್ಣಮೃಗದ ಹಿಂಡು ಓಡುವುದನ್ನು ನೋಡಿದರೆ ಅದು ಯಾವ ಶತ್ರುವಿಗಾಗಿ ಅಷ್ಟು ವೇಗ ಕಲಿತಿತು ಎಂದು ಮಕ್ಕಳೇ ಕೇಳುತ್ತಾರೆ. ಇಂದು ನಮ್ಮ ನಾಡಿನಲ್ಲಿ ಅಷ್ಟು ವೇಗದಲ್ಲಿ ಅದನ್ನು ಬೆನ್ನಟ್ಟುವ ಪ್ರಾಣಿ ಯಾವುದೂ ಉಳಿದಿಲ್ಲ.

ಕರ್ನಾಟಕಕ್ಕೂ ಸಿವಂಗಿಯನ್ನು ತರಬಹುದೇ ಎಂದು ಯಾರಾದರೂ ಕೇಳಿದರೆ, ಈಗ ಬೇಡ ಎಂದೇ ನನ್ನ ಉತ್ತರ. 798 ಎಕರೆ ಎಂದರೆ ಮೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನೂರಾರು ಚದರ ಕಿಲೋಮೀಟರ್ ತಿರುಗುವ ಪ್ರಾಣಿಗೆ ಅದು ಅಂಗಳವೂ ಅಲ್ಲ. ಮೊದಲು ಇರುವ ಕಾವಲುಗಳ ಅಳತೆಯಾಗಲಿ, ಒತ್ತುವರಿ ನಿಲ್ಲಲಿ, ಹುಲ್ಲಿನ ಮೇಲೆ ಮರ ನೆಡುವುದು ನಿಲ್ಲಲಿ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯ ತೋಪುಗಳನ್ನು ತೆಗೆದ ಕಡೆ ಬೇರೆ ಸಸಿ ಹಾಕುವ ಆತುರ ಬಿಟ್ಟು, ಎಲ್ಲಿ ಹಿಂದೆ ಹುಲ್ಲಿತ್ತೋ ಅಲ್ಲಿ ಹುಲ್ಲನ್ನೇ ಬರಲು ಬಿಡುವ ಧೈರ್ಯ ನಮಗೆ ಬರಬೇಕು.

ಈ ಊರಿನವರಿಗೆ ನನ್ನದೊಂದು ನೇರ ಕೋರಿಕೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಕುದೂರು ಹೋಬಳಿಯ ಗೋಮಾಳಗಳ ಪಟ್ಟಿಯನ್ನು ಪಂಚಾಯಿತಿಯಿಂದ ಪಡೆದು, ಈ ವರ್ಷದ ವಿದ್ಯಾರ್ಥಿಗಳು ಒಂದೊಂದು ತಂಡ ಒಂದೊಂದು ಗೋಮಾಳಕ್ಕೆ ಹೋಗಲಿ. ಯಾವ ಹುಲ್ಲು ಯಾವ ತಿಂಗಳು ತೆನೆ ಹಿಡಿಯುತ್ತದೆ, ಮೊಲ ಎಲ್ಲಿದೆ, ನರಿಯ ಬಿಲ ಎಲ್ಲಿದೆ, ಕೌಜುಗ ಎಲ್ಲಿ ಕೂಗುತ್ತದೆ ಎಂಬುದನ್ನು ದನಕುರಿ ಮೇಯಿಸುವ ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಅವರು ಹೇಳುವ ಹೆಸರುಗಳನ್ನೇ ಇಡಲಿ, ಅವರ ಮಾತಿನಲ್ಲೇ ಬರೆಯಲಿ. ಆ ದಾಖಲೆಯ ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಪ್ರತಿ ತಹಶೀಲ್ದಾರರ ಕಚೇರಿಯಲ್ಲಿ, ಇನ್ನೊಂದು ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇರಲಿ. ಮುಂದೆ ಯಾರಾದರೂ ಬಂದು ಈ ನೆಲದಲ್ಲಿ ಏನೂ ಇಲ್ಲ ಎಂದರೆ ತೆರೆದು ತೋರಿಸಲು ಒಂದು ಪುಸ್ತಕ ನಿಮ್ಮ ಕೈಯಲ್ಲಿರುತ್ತದೆ. ಆ ಕೆಲಸಕ್ಕೆ ಕರೆದರೆ ನಾನೂ ಬರುತ್ತೇನೆ.